ಪಾದದಡಿಯ ಹೆಸರು

ಈ ಗೊಂಬೆಗಳ ರುಚಿ ಹತ್ತಿದವರು ಒಂದನ್ನು ಕೈಗೆತ್ತಿಕೊಂಡರೆ ಮೊದಲು ಮುಖ ನೋಡುವುದಿಲ್ಲ. ತಲೆಕೆಳಗಾಗಿ ಹಿಡಿದು ಅಂಗಾಲು ನೋಡುತ್ತಾರೆ. ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ ಅಲ್ಲಿ ಕಲಾವಿದನ ಹೆಸರು, ಇಸವಿ, ತಯಾರಿಸಿದ ಕಂಪನಿ, ತಯಾರಾದ ದೇಶ ಅಚ್ಚಾಗಿರುತ್ತವೆ. ನಾವು ಆಡಿ ಬೆಳೆದ ಪ್ಲಾಸ್ಟಿಕ್ ಗೊಂಬೆಗಳಲ್ಲಿ ಕಂಪನಿಯ ಹೆಸರಿತ್ತು, ದೇಶದ ಹೆಸರಿತ್ತು. ಗೊಂಬೆಯ ಮೂಗು ಹೀಗಿರಲಿ, ಕಣ್ಣು ಹಾಗಿರಲಿ ಎಂದು ತೀರ್ಮಾನಿಸಿದ ಮನುಷ್ಯ ಯಾರೆಂಬುದು ಮಾತ್ರ ಇರುತ್ತಿರಲಿಲ್ಲ.

ದೊಡ್ಡವರಿಗಾಗಿಯೇ ತಯಾರಾಗುವ, ‘ಡಿಸೈನರ್ ಟಾಯ್’ ಅಥವಾ ‘ಆರ್ಟ್ ಟಾಯ್’ ಎಂದು ಕರೆಸಿಕೊಳ್ಳುವ ವಿನೈಲ್ ಗೊಂಬೆಗಳ ಮೂವತ್ತು ವರ್ಷಗಳ ಕಥೆಯನ್ನು ಈ ಒಂದು ಹೆಸರಿನ ಬೆನ್ನು ಹಿಡಿದು ಓದಬಹುದು. ಕಳೆದ ಒಂದೆರಡು ವರ್ಷಗಳಲ್ಲಿ ನಮ್ಮ ಊರುಗಳಲ್ಲೂ ಬ್ಯಾಗಿನ ಜಿಪ್ಪಿಗೆ ನೇತುಬಿದ್ದು ಹಲ್ಲು ಕಿರಿಯುವ ಲಬೂಬು ಈ ಕಥೆಯ ತೀರಾ ಈಚಿನ ಅಧ್ಯಾಯ. ಅದನ್ನು ಕಂಡವರಲ್ಲಿ ಅನೇಕರು ‘ದೊಡ್ಡವರಿಗೆ ಇದೇನು ಹುಚ್ಚು’ ಎಂದು ಕೇಳಿ ಸುಮ್ಮನಾಗುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳನ್ನು ಬಲ್ಲ ನಾವು ಆ ಪ್ರಶ್ನೆಯಲ್ಲೇ ಕೂತುಬಿಡಬೇಕಾಗಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ: ಬೇರೆಯವರಿಗಾಗಿ ಗೊಂಬೆ ಮಾಡಿಕೊಡುತ್ತಿದ್ದ ಊರೊಂದು ತನ್ನದೇ ಗೊಂಬೆ ಮಾಡಲು ಶುರುಮಾಡಿದ್ದು ಹೇಗೆ?

ಆ ಊರು ಹಾಂಗ್‌ಕಾಂಗ್. ಎರಡನೇ ಮಹಾಯುದ್ಧದ ನಂತರ ಅಲ್ಲಿ ಪ್ಲಾಸ್ಟಿಕ್ ಉದ್ಯಮ ಹಬ್ಬಿತು. ಮುಂದೆ ಏಷ್ಯಾದ ಅತಿ ಶ್ರೀಮಂತರಲ್ಲಿ ಒಬ್ಬರಾದ ಲಿ ಕಾ-ಶಿಂಗ್ 1950ರಲ್ಲಿ ಶುರುಮಾಡಿದ್ದು ಪ್ಲಾಸ್ಟಿಕ್ ಕಾರ್ಖಾನೆ; ಅವರ ಕೈ ಹಿಡಿದದ್ದು ಪ್ಲಾಸ್ಟಿಕ್ ಹೂವು. ಹೂವಿನ ಜೊತೆಗೆ ಆಟಿಕೆಯೂ ಬೆಳೆಯಿತು. ಎಪ್ಪತ್ತು, ಎಂಬತ್ತರ ದಶಕಗಳ ಹೊತ್ತಿಗೆ ಜಗತ್ತಿನ ಮಕ್ಕಳ ಕೈಯಲ್ಲಿದ್ದ ಆಟಿಕೆಗಳಲ್ಲಿ ಬಹಳಷ್ಟು ಹಾಂಗ್‌ಕಾಂಗಿನಿಂದ ಹಡಗು ಹತ್ತಿದ್ದವು. ಅಮೆರಿಕದ ಕಂಪನಿ ನಕ್ಷೆ ಕಳಿಸುತ್ತಿತ್ತು, ಇಲ್ಲಿಯವರು ಅಚ್ಚು ಹೊಯ್ದು, ಬಣ್ಣ ಬಳಿದು, ಡಬ್ಬಿಗೆ ತುಂಬಿ ಕಳಿಸುತ್ತಿದ್ದರು. ಚೀನಾ ಬಾಗಿಲು ತೆರೆದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಗಡಿ ದಾಟಿ ಶೆನ್‌ಝೆನ್, ಡೊಂಗ್‌ಗುವಾನ್‌ಗಳಿಗೆ ಹೋದವು. ಹಾಂಗ್‌ಕಾಂಗಿನಲ್ಲಿ ಉಳಿದದ್ದು ಅಚ್ಚು, ಬಣ್ಣ, ಪ್ಯಾಕಿಂಗು, ಸಾಗಣೆ ಬಲ್ಲ ಜನ, ಮತ್ತು ಆ ಆಟಿಕೆಗಳ ನಡುವೆಯೇ ಹುಟ್ಟಿ ಬೆಳೆದ ಒಂದು ತಲೆಮಾರು.

1970ರಲ್ಲಿ ಹುಟ್ಟಿದ ಮೈಕಲ್ ಲಾವ್ ಆ ತಲೆಮಾರಿನವರು. ಚಿತ್ರ ಬರೆಯುತ್ತಿದ್ದರು, ಅಮೆರಿಕದ ಜಿ.ಐ. ಜೋ ಗೊಂಬೆಗಳನ್ನು ಕೂಡಿಸುತ್ತಿದ್ದರು. ಹನ್ನೆರಡು ಇಂಚಿನ ಈ ಸೈನಿಕ ಗೊಂಬೆಯನ್ನು ಹ್ಯಾಸ್‌ಬ್ರೋ ಕಂಪನಿ 1964ರಲ್ಲಿ ಮಾರುಕಟ್ಟೆಗೆ ತಂದಿತ್ತು. ಊರಿನ ಸಂಗೀತ ತಂಡವೊಂದು ತನ್ನ ಆಲ್ಬಮ್ಮಿನ ಮುಖಪುಟ ಮಾಡಿಕೊಡಲು ಕೇಳಿದಾಗ ಲಾವ್ ಜಿ.ಐ. ಜೋಗಳನ್ನೇ ಬಿಚ್ಚಿ, ತಲೆ ಬದಲಿಸಿ, ತಂಡದ ಹುಡುಗರನ್ನಾಗಿ ಮಾಡಿದರು. ಅಲ್ಲಿಂದ ಮುಂದಕ್ಕೆ ಅವರಿಗೆ ಸೈನಿಕ ಬೇಕಾಗಲಿಲ್ಲ. ಸ್ಕೇಟ್‌ಬೋರ್ಡ್ ಹಿಡಿದವರು, ಜೋಲು ಪ್ಯಾಂಟಿನವರು, ಮೈತುಂಬ ಹಚ್ಚೆಯವರು, ಮೂಗು ಚುಚ್ಚಿಸಿಕೊಂಡವರು ಹೀಗೆ ತನ್ನ ಬೀದಿಯ ಜನರನ್ನೇ ಅದೇ ಹನ್ನೆರಡು ಇಂಚಿಗೆ ಇಳಿಸಿದರು. ಪತ್ರಿಕೆಯೊಂದರಲ್ಲಿ ‘ಗಾರ್ಡನರ್’ ಎಂಬ ಹೆಸರಿನ ಚಿತ್ರಪಟ್ಟಿಯಾಗಿ ಬರುತ್ತಿದ್ದ ಪಾತ್ರಗಳು 1999ರಲ್ಲಿ ಹಾಂಗ್‌ಕಾಂಗ್ ಆರ್ಟ್ಸ್ ಸೆಂಟರ್‌ನಲ್ಲಿ ಗೊಂಬೆಗಳಾಗಿ ಸಾಲುಗಟ್ಟಿ ನಿಂತವು. ಒಟ್ಟು 99. ಕೈಯಿಂದ ಕೊರೆದ ತಲೆ, ಕೈಯಿಂದ ಹೊಲಿದ ಬಟ್ಟೆ, ಅಳತೆಗೆ ತಕ್ಕ ಶೂ. ಡಿಸೈನರ್ ಗೊಂಬೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಪ್ರದರ್ಶನದಿಂದಲೇ ಲೆಕ್ಕ ಶುರುಮಾಡುತ್ತಾರೆ.

ಅಲ್ಲಿ ನಡೆದದ್ದನ್ನು ಸರಿಯಾಗಿ ನೋಡಬೇಕು. ಲಾವ್ ಪಾಶ್ಚಾತ್ಯ ಗೊಂಬೆಯ ಮೈಕಟ್ಟನ್ನು ತೆಗೆದುಕೊಂಡರು. ಆದರೆ ಅದರೊಳಗೆ ಕೂರಿಸಿದ್ದು ಹಾಂಗ್‌ಕಾಂಗಿನ ಹುಡುಗರ ನಿಲುವು, ಸೊಂಟದ ವಾಲು, ಸಿಡುಕು. ಯಾವ ಸಿನಿಮಾದ ಪಾತ್ರವೂ ಅಲ್ಲ, ಯಾವ ಟಿ.ವಿ. ಸರಣಿಯ ಜಾಹೀರಾತೂ ಅಲ್ಲ. ಗೊಂಬೆಗೆ ಅದಕ್ಕಿಂತ ಹಿಂದಿನ ಕಥೆಯೇ ಇಲ್ಲ, ಅದರ ಹಿಂದಿರುವುದು ಒಬ್ಬ ಕಲಾವಿದ ಮಾತ್ರ. ಜೇಸನ್ ಸಿಯು, ಬ್ರೂಸ್ ಲೀ ಗೊಂಬೆಗಳಿಗೆ ಹೆಸರಾದ ಎರಿಕ್ ಸೋ ಮುಂತಾದವರು ಅದೇ ದಾರಿ ಹಿಡಿದರು. ಅಚ್ಚಿನವನು, ಬಣ್ಣದವನು, ಡಬ್ಬಿ ಮಾಡುವವನು ಎಲ್ಲರೂ ಗಡಿಯಾಚೆ ಒಂದೆರಡು ಗಂಟೆಯ ದಾರಿಯಲ್ಲಿದ್ದರು. ಇಂಥ ಕಲಾವಿದರು ನ್ಯೂಯಾರ್ಕಿನಲ್ಲೋ ಪ್ಯಾರಿಸ್ಸಿನಲ್ಲೋ ಇರಲಿಲ್ಲವೆಂದಲ್ಲ. ಅವರ ಪಕ್ಕದ ಬೀದಿಯಲ್ಲಿ ಅಚ್ಚಿನ ಕಾರ್ಖಾನೆ ಇರಲಿಲ್ಲ.

ಅಚ್ಚಿನ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಕಲೆ ವಿನೈಲ್‌ನಲ್ಲೇ ಬೇರುಬಿಟ್ಟದ್ದಕ್ಕೆ ಕಾರಣ ಅಲ್ಲಿದೆ. ಗಟ್ಟಿ ಪ್ಲಾಸ್ಟಿಕ್ ಆಟಿಕೆಯ ಅಚ್ಚು ಸಾಮಾನ್ಯವಾಗಿ ಉಕ್ಕಿನದು. ಅದನ್ನು ಕೊರೆಯಲು ಭಾರೀ ಖರ್ಚು. ಸಾವಿರ, ಲಕ್ಷಗಟ್ಟಲೆ ಗೊಂಬೆ ಮಾರಿದರೆ ಮಾತ್ರ ಹೂಡಿದ ಹಣ ಹುಟ್ಟುತ್ತದೆ. ಮೃದು ವಿನೈಲ್‌ನ ದಾರಿ ಬೇರೆ. ಜಪಾನಿನಲ್ಲಿ ಇದಕ್ಕೆ ಸೋಫುಬಿ ಎನ್ನುತ್ತಾರೆ. ಮೊದಲು ಮೇಣದಲ್ಲಿ ಗೊಂಬೆಯ ತಲೆ, ಮುಂಡ, ಕೈ, ಕಾಲುಗಳನ್ನು ಬೇರೆಬೇರೆಯಾಗಿ ತಿದ್ದಿ ನಯಮಾಡುತ್ತಾರೆ. ಆ ಮೇಣದ ತುಂಡಿಗೆ ವಿದ್ಯುತ್ ಹರಿಯುವಂಥ ತೆಳು ಲೇಪ ಕೊಟ್ಟು, ತಾಮ್ರದ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿಡುತ್ತಾರೆ. ಹರಿಯುವ ವಿದ್ಯುತ್ತು ದಿನದಿನಕ್ಕೆ ತಾಮ್ರವನ್ನು ಪದರ ಪದರವಾಗಿ ಅದರ ಮೇಲೆ ಕೂರಿಸುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಒಳಗಿನ ಮೇಣವನ್ನು ಕರಗಿಸಿ ತೆಗೆದರೆ ತಾಮ್ರದ ಪೊಳ್ಳು ಅಚ್ಚು ಸಿದ್ಧ. ಮೇಣದ ಮೇಲೆ ಕಲಾವಿದನ ಬೆರಳಿನ ಗೆರೆ ಉಳಿದಿದ್ದರೆ ತಾಮ್ರದಲ್ಲೂ ಅದು ಇರುತ್ತದೆ.

ಈ ಅಚ್ಚಿಗೆ ದ್ರವರೂಪದ ಪಿವಿಸಿಯನ್ನು, ಎಂದರೆ ವಿನೈಲನ್ನು, ತುಂಬಿ, ಗಾಳಿಗುಳ್ಳೆ ಹೊರಹಾಕಿ, ಕಾದ ಎಣ್ಣೆಯಲ್ಲಿ ಅದ್ದುತ್ತಾರೆ. ಕಾವಲಿಗೆ ತಾಗಿದ ನೀರುದೋಸೆ ಹಿಟ್ಟು ತಾಗಿದಲ್ಲೇ ಹಿಡಿದುಕೊಳ್ಳುವಂತೆ, ತಾಮ್ರಕ್ಕೆ ತಾಗಿದ ಪದರವಷ್ಟೇ ಗಟ್ಟಿಯಾಗುತ್ತದೆ. ಒಳಗೆ ದ್ರವವಾಗಿಯೇ ಉಳಿದದ್ದನ್ನು ಮರಳಿ ಸುರಿದುಕೊಂಡು ಅಚ್ಚನ್ನು ಇನ್ನೊಮ್ಮೆ ಬೇಯಿಸಿ ನೀರಿಗೆ ಹಾಕುತ್ತಾರೆ. ಬಿಸಿ ಪೂರ್ತಿ ಆರುವ ಮೊದಲೇ, ವಿನೈಲ್ ಇನ್ನೂ ಮೆತ್ತಗಿರುವಾಗ, ಅಚ್ಚಿನ ಕಿರಿದಾದ ಬಾಯಿಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ತುಸು ತಡವಾದರೆ ಬರುವುದಿಲ್ಲ, ತುಸು ಬೇಗವಾದರೆ ಆಕಾರ ಕೆಡುತ್ತದೆ. ಈ ಎಳೆಯುವ ಕೆಲಸ ಪುಸ್ತಕದಿಂದ ಬರುವಂಥದ್ದಲ್ಲ. ಟೋಕಿಯೊದ ಕತ್ಸುಶಿಕಾ ಭಾಗ ಆಟಿಕೆಯ ಕಸುಬಿಗೆ ಹಿಂದಿನಿಂದ ಹೆಸರಾದದ್ದು. ಅಲ್ಲಿನ ಸಣ್ಣ ಕಾರ್ಖಾನೆಗಳಲ್ಲಿ ಇದನ್ನು ಬಲ್ಲ ಕೈಗಳಿದ್ದವು. ಬೇಗ ಬೆಂಕಿ ಹಿಡಿಯುತ್ತಿದ್ದ ಸೆಲ್ಯುಲಾಯ್ಡ್ ಗೊಂಬೆಗಳ ಜಾಗಕ್ಕೆ ಐವತ್ತರ ದಶಕದಲ್ಲಿ ವಿನೈಲ್ ಬಂದಾಗ ಅಲ್ಲಿಯವರು ಅದಕ್ಕೆ ಹೊಂದಿಕೊಂಡರು. 1966ರಲ್ಲಿ ಮಾರುಸಾನ್ ಕಂಪನಿ ಗಾಡ್ಜಿಲ್ಲಾ, ಅಲ್ಟ್ರಾಮನ್ ಕಥೆಗಳ ದೈತ್ಯರನ್ನು ವಿನೈಲ್‌ನಲ್ಲಿ ತಂದಾಗ ಜಪಾನಿನ ಮಕ್ಕಳು ಮುಗಿಬಿದ್ದರು.

ತಾಮ್ರದ ಅಚ್ಚಿಗೆ ಉಕ್ಕಿನಷ್ಟು ಖರ್ಚಿಲ್ಲ, ಆಯುಷ್ಯವೂ ಉಕ್ಕಿನಷ್ಟಿಲ್ಲ. ಹಾಗಾಗಿ ಇನ್ನೂರು, ಐನೂರು ಗೊಂಬೆ ಮಾಡಿದರೂ ಕೈಸುಡುವುದಿಲ್ಲ. ಒಬ್ಬ ಕಲಾವಿದ, ಒಂದು ಬೀದಿ ಅಂಗಡಿ ಕೂಡಿಕೊಂಡರೆ ಸಾಕು. ಅದೇ ಅಚ್ಚಿನಲ್ಲಿ ಈ ತಿಂಗಳು ಕಪ್ಪು, ಮುಂದಿನ ತಿಂಗಳು ಗುಲಾಬಿ, ಕತ್ತಲಲ್ಲಿ ಹೊಳೆಯುವುದು ಇನ್ನೊಂದು ಎಂದು ಬಣ್ಣ ಬದಲಿಸಿದರೆ ಪ್ರತಿ ಬಾರಿಯೂ ಹೊಸ ಗೊಂಬೆ. ಸಂಗ್ರಾಹಕರು ಒಂದೇ ಆಕಾರದ ಹತ್ತು ಬಣ್ಣಕ್ಕೆ ಪರದಾಡುವುದರ ಹಿಂದೆ ಈ ಅಚ್ಚಿನ ಅರ್ಥಶಾಸ್ತ್ರವಿದೆ.

ಟೋಕಿಯೊದ ಹರಾಜುಕುವಿನಲ್ಲಿ 1995ರಲ್ಲಿ ಶುರುವಾದ ಬೌಂಟಿ ಹಂಟರ್ ಎಂಬ ಬಟ್ಟೆಯಂಗಡಿ ಇದನ್ನು ಬೇಗ ಕಂಡುಕೊಂಡಿತು. ಪಂಕ್ ಸಂಗೀತದವರ ಟೀಶರ್ಟು ಮಾರುತ್ತಿದ್ದ ಅಂಗಡಿ ತನ್ನದೇ ಗೊಂಬೆ ಮಾಡಿಸಿತು. 1999ರಲ್ಲಿ ಅದೇ ಅಂಗಡಿಯ ಜೊತೆ ಕೂಡಿ ನ್ಯೂಯಾರ್ಕಿನ ಬ್ರಯನ್ ಡಾನಲಿ ‘ಕಂಪ್ಯಾನಿಯನ್’ ಎಂಬ ಗೊಂಬೆ ತಂದರು, 500 ಮಾತ್ರ. ಕಾಸ್ ಎಂಬ ಸಹಿಯಿಂದ ಪ್ರಸಿದ್ಧರಾದ ಡಾನಲಿ ಬಸ್ ನಿಲ್ದಾಣಗಳ ಗಾಜಿನ ಚೌಕಟ್ಟಿನಿಂದ ಜಾಹೀರಾತು ತೆಗೆದು, ಮಾಡೆಲ್‌ಗಳ ಮುಖದ ಮೇಲೆ ತನ್ನ ಬುರುಡೆ ಬರೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗುತ್ತಿದ್ದವರು. ಅವರ ಗೊಂಬೆಯ ಕಣ್ಣಿರುವ ಜಾಗದಲ್ಲಿ ಎರಡು ಇಂಟು ಗುರುತು. ಆಮೇಲಿನದು ಎಲ್ಲರಿಗೂ ತಿಳಿದಿದೆ: 2019ರ ಮಾರ್ಚಿನಲ್ಲಿ ಹಾಂಗ್‌ಕಾಂಗಿನ ವಿಕ್ಟೋರಿಯಾ ಬಂದರಿನ ನೀರಿನ ಮೇಲೆ 37 ಮೀಟರ್ ಉದ್ದದ ಗಾಳಿ ತುಂಬಿದ ಕಂಪ್ಯಾನಿಯನ್ ಅಂಗಾತ ಮಲಗಿತ್ತು, ಮರುತಿಂಗಳು ಅದೇ ಊರಿನ ಸದಬೀಸ್ ಹರಾಜಿನಲ್ಲಿ ಅವರ ಒಂದು ವರ್ಣಚಿತ್ರ 11.59 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ನನ್ನ ಮಟ್ಟಿಗೆ ಆ ಹರಾಜಿಗಿಂತ ಮೊದಲ 500 ಗೊಂಬೆಗಳೇ ಮುಖ್ಯ. ಗ್ಯಾಲರಿಯ ಬಾಗಿಲು ತೆರೆಯಲೆಂದು ಕಾಯದೆ, ಟೀಶರ್ಟಿನ ಪಕ್ಕದ ಶೆಲ್ಫಿನಲ್ಲಿ, ವಿದ್ಯಾರ್ಥಿಯೊಬ್ಬ ಉಳಿಸಿದ ಹಣಕ್ಕೆ ಸಿಗುವಂತೆ ಶಿಲ್ಪವೊಂದು ಬಂದು ಕೂತದ್ದು ಸಣ್ಣ ಸಂಗತಿಯಲ್ಲ.

ಅಲ್ಲಿಂದ ಮುಂದೆ ಕಂಪನಿಗಳು ಬಂದವು. ಜಪಾನಿನ ಮೆಡಿಕಾಮ್ ಟಾಯ್ 2001ರ ಮೇ 27ರಂದು ಟೋಕಿಯೊದ ಸಮ್ಮೇಳನವೊಂದಕ್ಕೆ ಬಂದವರಿಗೆ ಉಡುಗೊರೆಯಾಗಿ ಕೊಟ್ಟ ಏಳು ಸೆಂಟಿಮೀಟರಿನ ಕರಡಿಯೇ ಬೇರ್‌ಬ್ರಿಕ್. ಆ ಅಳತೆಯನ್ನು ನೂರು ಪ್ರತಿಶತ ಎಂದು ಹಿಡಿದು, 28 ಸೆಂಟಿಮೀಟರಿನದು ನಾನೂರು, 70 ಸೆಂಟಿಮೀಟರಿನದು ಸಾವಿರ ಎಂದು ಕರೆಯುವ ರೂಢಿ ಇಂದಿಗೂ ಇದೆ. ಅಮೆರಿಕದಲ್ಲಿ ಪಾಲ್ ಬಡ್‌ನಿಟ್ಸ್ 2002ರಲ್ಲಿ ಕಟ್ಟಿದ ಕಿಡ್‌ರೋಬಾಟ್ 2004ರಲ್ಲಿ ಡನ್ನಿ ಎಂಬ ಉದ್ದಕಿವಿಯ ಗೊಂಬೆ ತಂದಿತು. ಬೇರ್‌ಬ್ರಿಕ್, ಡನ್ನಿ ಎರಡರ ತರ್ಕವೂ ಒಂದೇ: ಆಕಾರ ಬದಲಾಗದು, ಅದರ ಮೇಲೆ ಚಿತ್ರ ಬರೆಯುವ ಕಲಾವಿದರು ಬದಲಾಗುತ್ತಾರೆ. ಡನ್ನಿಯ ನಂತರ ಬಂದ ಮನ್ನಿ ಇನ್ನೂ ಉದಾರಿ. ಅಚ್ಚಬಿಳಿ, ಮುಖವೇ ಇಲ್ಲ. ಕೊಂಡವರೇ ಬಣ್ಣ ಹಚ್ಚಿಕೊಳ್ಳಬೇಕು. ಈ ಇಡೀ ಲೋಕದಲ್ಲಿ ನನಗೆ ತೀರಾ ಇಷ್ಟವಾದ ಗೊಂಬೆ ಅದು.

ಇನ್ನು ಡಬ್ಬಿಯ ಮಾತು. ಬೀಜಿಂಗಿನಲ್ಲಿ ವಾಂಗ್ ನಿಂಗ್ 2010ರಲ್ಲಿ ತೆರೆದ ಪಾಪ್ ಮಾರ್ಟ್ ಮೊದಲಿಗೆ ಬಗೆಬಗೆಯ ಸಾಮಾನು ಮಾರುವ ಅಂಗಡಿಯಾಗಿತ್ತು. ಜಪಾನಿನ ಸಾನಿ ಏಂಜಲ್ ಎಂಬ ಪುಟ್ಟ ಗೊಂಬೆಯೇ ಹೆಚ್ಚು ಖರ್ಚಾಗುತ್ತಿದ್ದುದನ್ನು ಗಮನಿಸಿ, 2016ರಲ್ಲಿ ಹಾಂಗ್‌ಕಾಂಗಿನ ಕೆನ್ನಿ ವಾಂಗ್ ಅವರ ‘ಮಾಲಿ’ಯನ್ನು ಕಂಪನಿ ತನ್ನದಾಗಿಸಿಕೊಂಡಿತು. ತುಟಿ ಚೂಪು ಮಾಡಿಕೊಂಡ, ದೊಡ್ಡ ಕಣ್ಣಿನ ಆ ಹುಡುಗಿಯನ್ನು ಕೆನ್ನಿ ವಾಂಗ್ ರೂಪಿಸಿದ್ದು 2006ರಲ್ಲಿ. ಹತ್ತು ವರ್ಷ ಸಣ್ಣ ಬಳಗದಲ್ಲಿ ಓಡಾಡಿಕೊಂಡಿದ್ದವಳು ಬ್ಲೈಂಡ್ ಬಾಕ್ಸಿಗೆ ಹೊಕ್ಕೊಡನೆ ಚೀನಾದಾದ್ಯಂತ ಮನೆಮಾತಾದಳು. ಯಾವ ಡಬ್ಬಿಯಲ್ಲಿ ಯಾವ ಗೊಂಬೆಯಿದೆಯೆಂದು ಒಡೆಯುವ ತನಕ ಗೊತ್ತಾಗದ ಈ ಪದ್ಧತಿ ಪಾಪ್ ಮಾರ್ಟಿನ ಶೋಧವಲ್ಲ. ಜಪಾನಿನಲ್ಲಿ ನಾಣ್ಯ ಹಾಕಿ ತಿರುಗಿಸಿದರೆ ಗೊಂಬೆ ಉರುಳುವ ಗಾಶಾಪಾನ್ ಯಂತ್ರಗಳು ದಶಕಗಳಿಂದಲೂ ಇವೆ. ಆದರೆ ಅದನ್ನು ಈ ಪ್ರಮಾಣಕ್ಕೆ ಒಯ್ದವರು ಬೇರೆ ಯಾರೂ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಸರಣಿಯಲ್ಲಿ ಸಾಮಾನ್ಯವಾಗಿ ಹನ್ನೆರಡು ಗೊಂಬೆ. ಇಡೀ ಪೆಟ್ಟಿಗೆ ಕೊಂಡರೆ ಹನ್ನೆರಡೂ ಸಿಗುತ್ತವೆ. ಬಿಡಿಬಿಡಿಯಾಗಿ, ಕಣ್ಣುಮುಚ್ಚಿ ಆಯ್ದುಕೊಳ್ಳುತ್ತ ಹೋದರೆ ಹನ್ನೆರಡನ್ನೂ ಪೂರೈಸಲು ಸರಾಸರಿ 37 ಡಬ್ಬಿ ಬೇಕು. ಮೊದಲ ಐದಾರು ಸುಲಭಕ್ಕೆ ಸಿಗುತ್ತವೆ. ಕೊನೆಯ ಒಂದಕ್ಕಾಗಿಯೇ ಸರಾಸರಿ ಹನ್ನೆರಡು ಡಬ್ಬಿ ಒಡೆಯಬೇಕು. ಇದರ ಮೇಲೆ ಪಟ್ಟಿಯಲ್ಲಿ ನೆರಳಾಗಿ ಮಾತ್ರ ಕಾಣುವ ‘ಸೀಕ್ರೆಟ್’ ಗೊಂಬೆ. ಅದು ಅನೇಕ ಸರಣಿಗಳಲ್ಲಿ 144 ಡಬ್ಬಿಗೊಂದು. ಹಾಗೆಂದು 144 ಬಿಡಿ ಡಬ್ಬಿ ಕೊಂಡವನಿಗೆ ಅದು ಸಿಕ್ಕೇ ಸಿಗುತ್ತದೆಯೇ? ಇಲ್ಲ. ಸಿಗದೇ ಇರುವ ಸಾಧ್ಯತೆ ಶೇ 37ರ ಸಮೀಪ. ಅಂಗಡಿಯಲ್ಲಿ ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ತೂಕ ನೋಡಿ, ಮೂಲೆ ಒತ್ತಿ ನೋಡುವ ಗಿರಾಕಿಗಳು ಈ ಲೆಕ್ಕವನ್ನು ಮೈಯಿಂದ ಬಲ್ಲವರು. 2023ರಲ್ಲಿ ಚೀನಾದ ಮಾರುಕಟ್ಟೆ ನಿಯಂತ್ರಣ ಇಲಾಖೆ ನಿಯಮ ಮಾಡಿತು: ಎಂಟು ವರ್ಷದೊಳಗಿನ ಮಕ್ಕಳಿಗೆ ಬ್ಲೈಂಡ್ ಬಾಕ್ಸ್ ಮಾರುವಂತಿಲ್ಲ, ಅದಕ್ಕೆ ಮೇಲ್ಪಟ್ಟ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು, ಯಾವುದು ಸಿಗುವ ಸಾಧ್ಯತೆ ಎಷ್ಟೆಂದು ತಿಳಿಸಬೇಕು. ಬೇಕಾಗಿದ್ದ ನಿಯಮವೇ.

ಲಬೂಬು ಈ ಡಬ್ಬಿಯೊಳಗೆ ಹುಟ್ಟಿದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಅದರ ಕಲಾವಿದ ಕಾಸಿಂಗ್ ಲುಂಗ್ ಹಾಂಗ್‌ಕಾಂಗಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆಯವರೊಂದಿಗೆ ನೆದರ್ಲೆಂಡ್ಸಿಗೆ ಹೋದವರು. ಉತ್ತರ ಯುರೋಪಿನ ಜಾನಪದ ಕಥೆಗಳ ಕಾಡುಜೀವಿಗಳನ್ನು ಓದುತ್ತ ಬೆಳೆದು 2015ರಲ್ಲಿ ‘ದ ಮಾನ್‌ಸ್ಟರ್ಸ್’ ಎಂಬ ಚಿತ್ರಪುಸ್ತಕಗಳನ್ನು ಮಾಡಿದರು. ಲಬೂಬು ಅದರಲ್ಲೊಂದು ಪಾತ್ರ. ಹಾಂಗ್‌ಕಾಂಗಿನ ಹೌ2ವರ್ಕ್ ಎಂಬ ಸಣ್ಣ ಸಂಸ್ಥೆ ಅದಕ್ಕೆ ಮೊದಲು ಮೈ ಕೊಟ್ಟಿತು. 2019ರಲ್ಲಿ ಪಾಪ್ ಮಾರ್ಟ್ ಬಂದಿತು. 2024ರಲ್ಲಿ ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡದ ಲಿಸಾ ಅದನ್ನು ಮೆಚ್ಚಿ ತೋರಿಸಿದ ಮೇಲೆ ಆಗ್ನೇಯ ಏಷ್ಯಾ, ನಂತರ ಜಗತ್ತು. 2025ರ ಮೊದಲ ಆರು ತಿಂಗಳಲ್ಲಿ ಪಾಪ್ ಮಾರ್ಟಿನ ಒಟ್ಟು ವರಮಾನ 1,388 ಕೋಟಿ ಯುವಾನ್. ಅದರ ಮೂರನೇ ಒಂದಕ್ಕಿಂತ ಹೆಚ್ಚು, 481 ಕೋಟಿ, ಲಬೂಬು ಇರುವ ‘ದ ಮಾನ್‌ಸ್ಟರ್ಸ್’ ಎಂಬ ಒಂದೇ ಬಳಗದ್ದು. ಆ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಗಿರಾಕಿಗಳು ಹೊಯ್‌ಕೈಗೆ ಇಳಿದು ಮಾರಾಟವನ್ನೇ ನಿಲ್ಲಿಸಬೇಕಾಯಿತು. ಜೂನಿನಲ್ಲಿ ಬೀಜಿಂಗಿನ ಹರಾಜಿನಲ್ಲಿ 131 ಸೆಂಟಿಮೀಟರ್ ಎತ್ತರದ ಲಬೂಬುವೊಂದಕ್ಕೆ 10.8 ಲಕ್ಷ ಯುವಾನ್ ಸಂದಿತು.

ಈ ಗದ್ದಲದಲ್ಲಿ ಲುಂಗ್ ಅವರ ಗೆರೆ ಮರೆಯಾಗಿರುವುದು ನನಗೆ ನೋವಿನ ಸಂಗತಿ. ಒಂಬತ್ತು ಚೂಪು ಹಲ್ಲು ತೋರಿಸಿಯೂ ಕೇಡಿಗನಾಗದ ಮುಖವನ್ನು ಬರೆಯುವುದು ಸುಲಭವಲ್ಲ. ಹಲ್ಲಿನ ಸಾಲು ಕೂದಲೆಳೆಯಷ್ಟು ಮೇಲೆ ಹೋದರೆ ಕ್ರೌರ್ಯ ಬರುತ್ತದೆ, ಕಣ್ಣಿನ ಹೊಳಪು ಕಡಿಮೆಯಾದರೆ ಪೆದ್ದುತನ. ನಮ್ಮ ಬೀದಿಗಳಲ್ಲಿ ತೂಗುವ ನಕಲಿಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಲಫುಫು ಎಂದು ಜಗತ್ತೆಲ್ಲ ಕರೆಯುವ ಈ ನಕಲಿಗಳಲ್ಲಿ ಬಟ್ಟೆ ಸರಿಯಿರುತ್ತದೆ, ರೋಮ ಸರಿಯಿರುತ್ತದೆ. ವಿನೈಲ್ ಮುಖದಲ್ಲಿ ಮಾತ್ರ ಏನೋ ತಪ್ಪಿರುತ್ತದೆ. ಮಕ್ಕಳ ಕೈಗೆ ಕೊಡುವವರು ಇನ್ನೊಂದನ್ನೂ ತಿಳಿದಿರಬೇಕು. 2021ರ ಜನವರಿಯಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ. ಆರ್ಟ್ ಟಾಯ್‌ಗಳ ಡಬ್ಬಿಯ ಮೇಲಿನ ‘15 ವರ್ಷ ಮೇಲ್ಪಟ್ಟವರಿಗೆ’ ಎಂಬ ಸಾಲು ಬರೀ ಅಲಂಕಾರವಲ್ಲ. ಇದು ಮಗುವಿನ ಬಾಯಿಗೆ ಹೋಗುವ ವಸ್ತುವೆಂದು ತಯಾರಾದದ್ದಲ್ಲ ಎಂಬ ಘೋಷಣೆ. ನಕಲಿಯಲ್ಲಿ ಯಾವ ಬಣ್ಣವಿದೆ, ಪಿವಿಸಿಯನ್ನು ಮೆತ್ತಗಾಗಿಸಲು ಏನು ಬೆರೆಸಿದ್ದಾರೆ ಎಂಬುದಕ್ಕೆ ಹೊಣೆ ಯಾರೂ ಇಲ್ಲ.

ಅಸಲಿಯೂ ಚಿರಾಯುವಲ್ಲ. ವಿನೈಲ್ಲನ್ನು ಮೆತ್ತಗಿರಿಸುವ ಪ್ಲಾಸ್ಟಿಸೈಸರ್ ವರ್ಷಗಳು ಕಳೆದಂತೆ ಹೊರಕ್ಕೆ ಜಿನುಗಿ ಮೈ ಅಂಟಂಟಾಗುತ್ತದೆ. ಬಿಸಿಲು ಬಿಳಿಯನ್ನು ಹಳದಿಗೆ ತಿರುಗಿಸುತ್ತದೆ. ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟರೆ ಪೊಳ್ಳು ಕಾಲು ತಲೆಯ ಭಾರಕ್ಕೆ ಮೆಲ್ಲಗೆ ವಾಲುತ್ತದೆ. ಹಳೆ ಸಂಗ್ರಾಹಕರು ವಾಲಿದ ಕಾಲನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ತಣ್ಣೀರಿಗೆ ಹಾಕಿ ಹಿಡಿಯುತ್ತಾರೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಎಳೆದವನು ಮಾಡಿದ್ದೂ ಇದನ್ನೇ.

ಆ ಎಳೆದವನ ಹೆಸರು ಗೊಂಬೆಯ ಪಾದದಲ್ಲಿಲ್ಲ. ಮಾಲಿಯ ತುಟಿಗೆ ಬಣ್ಣ ಸಿಂಪಡಿಸಿದವರ ಹೆಸರೂ ಇಲ್ಲ. ಕಲಾವಿದನಿಗೆ ಹೆಸರು ದಕ್ಕಿದ್ದು ದೊಡ್ಡ ಗೆಲುವು ಎಂದು ನಂಬುವ ನನಗೆ ಈ ಅರ್ಧ ಗೆಲುವು ಸಾಕಾಗುವುದಿಲ್ಲ. ಜಪಾನಿನ ಕೆಲವು ಸೋಫುಬಿ ಪ್ರೇಮಿಗಳು ಯಾವ ಗೊಂಬೆ ಯಾವ ಕಾರ್ಖಾನೆಯ ಅಚ್ಚಿನಿಂದ ಬಂದದ್ದೆಂದು ಕೇಳಿ ಕೊಳ್ಳುತ್ತಾರೆ. ಅದು ಒಳ್ಳೆಯ ಅಭ್ಯಾಸ.

ಈ ಕಥೆಯನ್ನು ನಾನು ಇಷ್ಟು ಆಸೆಯಿಂದ ಹಿಂಬಾಲಿಸಲು ಕೊಪ್ಪಳವೂ ಒಂದು ಕಾರಣ. ಅಲ್ಲಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟು, ಸೆಣಬಿನ ನಾರು, ಮರದ ಪುಡಿ ಕಲಸಿದ ಲೇಪದಿಂದ ಕೀಲು ಮುಚ್ಚಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತ ಬಂದಿವೆ. ಅದಕ್ಕೆ ಜಿಐ ಟ್ಯಾಗ್ ಇದೆ, ಚನ್ನಪಟ್ಟಣಕ್ಕಿರುವಂತೆ. ಆ ಟ್ಯಾಗ್ ಕಾಪಾಡುವುದು ಊರಿನ ಹೆಸರನ್ನು, ಕೆತ್ತಿದವರ ಹೆಸರನ್ನಲ್ಲ. ಅದೇ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿ ವಿದೇಶಿ ಬ್ರ್ಯಾಂಡುಗಳಿಗೆ ಆಟಿಕೆ ತಯಾರಾಗುತ್ತದೆ. ಎಂದರೆ ಅಚ್ಚು, ಬಣ್ಣ, ಪ್ಯಾಕಿಂಗು, ಸಾಗಣೆ ಬಲ್ಲ ಜನ ಅಲ್ಲಿ ತಯಾರಾಗುತ್ತಿದ್ದಾರೆ. ಲಿ ಕಾ-ಶಿಂಗ್ ಅವರ ಕಾರ್ಖಾನೆಯಿಂದ ಮೈಕಲ್ ಲಾವ್ ಅವರ 99 ಗೊಂಬೆಗಳ ತನಕ ಹಾಂಗ್‌ಕಾಂಗ್ ಸುಮಾರು ಐವತ್ತು ವರ್ಷ ತೆಗೆದುಕೊಂಡಿತು. ಅಲ್ಲಿ ಕಿನ್ನಾಳದಂಥ ಊರು ಪಕ್ಕದಲ್ಲಿರಲಿಲ್ಲ. ಭಾನಾಪುರದ ಕಾರ್ಖಾನೆಯ ಒಂದು ಮೂಲೆಯಲ್ಲಿ ಇನ್ನೂರು ಗೊಂಬೆಯ ಸಣ್ಣ ಆರ್ಡರಿಗೂ ಒಂದು ತೊಟ್ಟಿ, ಒಂದು ಒಲೆ ಮೀಸಲಿಡುವಂತಾದರೆ, ಕಿನ್ನಾಳದ ಮನೆಯೊಂದರ ಹುಡುಗಿಯೋ ಹುಡುಗನೋ ತಾನು ಕೆತ್ತಿದ ತಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬರಬಹುದು.